ನಲವತ್ತೊಂದನೆಯ ತಲೆ

ನಮ್ಮ ಸ್ಕ್ಯಾನ್ ಕೋಣೆಯಲ್ಲಿ ತಲೆಗಳಿಗೆ ಎರಡೇ ಜಾತಿ. ಅಲ್ಲಾಡುವ ತಲೆ, ಅಲ್ಲಾಡದ ತಲೆ. ಅಲ್ಲಾಡದ ತಲೆಗೆ ನಾವು ಒಳ್ಳೆ ತಲೆ ಅನ್ನುತ್ತೇವೆ. ಅದರೊಳಗೆ ಬುದ್ಧಿ ತುಂಬಿದೆಯೋ ಮಣ್ಣು ತುಂಬಿದೆಯೋ ನಮಗೆ ಬೇಕಾಗಿಲ್ಲ. ಎಂಆರ್‌ಐ ಯಂತ್ರದ ಕೊಳವೆಯಲ್ಲಿ ಹನ್ನೆರಡು ನಿಮಿಷ ಮಿಸುಕದೆ ಮಲಗಿದರೆ ಅವರು ನಮ್ಮ ಪಾಲಿನ ದೇವರು. ಹದಿನಾರು ವರ್ಷದಿಂದ ನಾನು ಈ ಯಂತ್ರ ನಡೆಸುತ್ತಿದ್ದೇನೆ. ಮೂಗು ತುರಿಸಿಕೊಂಡವರು, ಕೆಮ್ಮಿದವರು, ಕಾಲ್ಬೆರಳಲ್ಲಿ ತಾಳ ಹಾಕಿದವರು, ಗಾಬರಿಯಾದರೆ ಒತ್ತಲಿ ಎಂದು ಕೈಗೆ ಕೊಟ್ಟ ರಬ್ಬರ್ ಉಂಡೆಯನ್ನು ಎರಡನೇ ನಿಮಿಷಕ್ಕೇ ಹಿಚುಕಿ ಕೂಗಿಕೊಂಡವರು, ಎಲ್ಲರನ್ನೂ ನೋಡಿದ್ದೇನೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಗಾಜಿನ ಈಚೆ ಕೂತು ಹಲ್ಲು ಕಡಿಯುತ್ತಾ, ಮೈಕಿನಲ್ಲಿ ಮಾತ್ರ ಬೆಣ್ಣೆಯಂಥ ದನಿಯಲ್ಲಿ, "ಇನ್ನು ಸ್ವಲ್ಪ ಹೊತ್ತು, ಅಲ್ಲಾಡಬೇಡಿ" ಎನ್ನುವುದೇ ನನ್ನ ಉದ್ಯೋಗ.

ಹೋದ ವರ್ಷ ನಮ್ಮ ಆಸ್ಪತ್ರೆಗೆ ಒಂದು ಅಧ್ಯಯನ ಬಂತು. ಮನುಷ್ಯ ಸುಮ್ಮನೆ ಮಲಗಿದ್ದರೂ ಮಿದುಳು ಸುಮ್ಮನಿರುವುದಿಲ್ಲ. ಅದರ ಒಂದು ಭಾಗ ಇನ್ನೊಂದರ ಜೊತೆ ಮಾತಾಡುತ್ತಲೇ ಇರುತ್ತದೆ. ಖಿನ್ನತೆ ಇರುವವರಲ್ಲಿ ಯಾವುದು ಯಾವುದರ ಜೊತೆ ಮಾತು ಬಿಟ್ಟಿದೆ, ಯಾವುದು ಒಂದೇ ವಿಷಯ ಹಿಡಿದು ಕೊರೆಯುತ್ತಿದೆ ಎಂದು ಆ ಜಾಲದ ಚಿತ್ರ ತೆಗೆದು ನೋಡುವುದು, ಆ ವ್ಯತ್ಯಾಸವನ್ನು ಕಂಪ್ಯೂಟರಿಗೆ ಕಲಿಸುವುದು, ಇಷ್ಟು ಕೆಲಸ. ಬಾಯಿ ಬಿಟ್ಟು ಹೇಳಲಾರದವರ ಕಾಯಿಲೆಯನ್ನು ಮುಂದೊಂದು ದಿನ ಚಿತ್ರ ನೋಡಿಯಾದರೂ ಗುರುತಿಸಬಹುದು ಎಂಬ ಆಸೆ. ಖಿನ್ನತೆ ಇರುವ ಐವತ್ತು ತಲೆ ಬೇಕು, ಇಲ್ಲದ ಐವತ್ತು ತಲೆ ಬೇಕು.

ಇದರ ಹೊಣೆ ಹೊತ್ತವರು ನಮ್ಮ ಮನೋವೈದ್ಯೆ ಡಾಕ್ಟರಮ್ಮ. ಚಿತ್ರಗಳನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಉಣಿಸುವವರು ಲೆಕ್ಕದ ಮೇಷ್ಟ್ರು. ಹಿಂದೆ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರಂತೆ, ಕಿವಿಯ ಮೇಲೆ ಪೆನ್ಸಿಲ್ ಇಲ್ಲದೆ ಅವರನ್ನು ಯಾರೂ ಕಂಡಿಲ್ಲ. ವಿಚಿತ್ರ ಏನೆಂದರೆ, ಖಿನ್ನತೆ ಇರುವವರ ಪಟ್ಟಿ ಒಂದೇ ತಿಂಗಳಲ್ಲಿ ತುಂಬಿಬಿಟ್ಟಿತು. ಚೆನ್ನಾಗಿರುವವರಿಗೇ ಬರ ಬಂತು. ಅದರಲ್ಲೂ ನಲವತ್ತು ದಾಟಿದ ಗಂಡಸರು ಸಿಗಲೇ ಇಲ್ಲ. ಕೊನೆಗೆ ನಾವು ನಾವೇ ಬಂಧುಬಳಗವನ್ನು ಎಳೆದು ತಂದು ಮಲಗಿಸತೊಡಗಿದೆವು. ನರ್ಸಮ್ಮನ ಭಾವ ಬಂದ, ಗೇಟಿನ ಕಾವಲುಗಾರ ಬಂದ, ಡಾಕ್ಟರಮ್ಮನ ಸ್ವಂತ ತಮ್ಮ ಬಂದ. ನಾನು ನನ್ನ ಗಂಡನನ್ನು ಕರೆತಂದೆ.

ಅವರು ಲಿಫ್ಟ್ ಮೆಕ್ಯಾನಿಕ್. ನಮ್ಮ ಆಸ್ಪತ್ರೆಯದೂ ಸೇರಿ ಹದಿನೆಂಟು ಕಟ್ಟಡಗಳ ಲಿಫ್ಟು ಅವರ ಉಸ್ತುವಾರಿ. ಎಲ್ಲರ ಬಾಯಲ್ಲೂ ಲಿಫ್ಟಣ್ಣ. ಯಾರಾದರೂ ನಡುವೆ ಸಿಕ್ಕಿಕೊಂಡು ಒಳಗಿಂದ ಬಾಗಿಲು ಬಡಿದರೆ ಮೇಲಿನಿಂದ ಬಗ್ಗಿ, "ಸ್ವಲ್ಪ ಹೊತ್ತು ಅಲ್ಲೇ ಸಂಸಾರ ಮಾಡ್ಕೊಂಡಿರಿ, ಬಂದೆ" ಎಂದು ಕೂಗುವವರು. ಅಳುತ್ತಿದ್ದವರೂ ನಕ್ಕುಬಿಡುತ್ತಿದ್ದರು. ನನ್ನನ್ನು ಕರೆಯುವುದು 'ಫೋಟೋದವಳೇ' ಎಂದು. ಮನೆಯಲ್ಲಿ ನಾನು ಸಿಡುಕಿದರೆ ಮಗಳಿಗೆ ಕಣ್ಣು ಹೊಡೆದು, "ಅಮ್ಮನ ಫ್ಯೂಸ್ ಹೋಯ್ತು, ದೂರ ನಿಂತ್ಕೋ" ಎನ್ನುತ್ತಿದ್ದರು. ಇಂಥವರಿಗಿಂತ ಚೆನ್ನಾಗಿರುವ ತಲೆ ಇನ್ನೆಲ್ಲಿ ಹುಡುಕಲಿ?

ಅವತ್ತು ನಮ್ಮ ಹಿಂದಿನ ಬ್ಲಾಕಿನ ಲಿಫ್ಟಿನ ಕೆಲಸ ಅರ್ಧಕ್ಕೆ ಬಿಟ್ಟು ಬಂದರು. ಕಬ್ಬಿಣ ಉಜ್ಜುವ ಕೆಲಸ ಮಾಡುವವರ ಕಣ್ಣಲ್ಲಿ ಚೂರು ಉಳಿದಿದ್ದರೆ ಯಂತ್ರದ ಅಯಸ್ಕಾಂತ ಎಳೆದುಬಿಡುತ್ತದೆ ಎಂದು ಮೊದಲು ಕಣ್ಣಿನ ಎಕ್ಸ್‌ರೇ ಮಾಡಿಸಿದೆ. ಅದರಲ್ಲಿ ನಾನು ಬಲು ಕಟ್ಟುನಿಟ್ಟು. ಆಮೇಲೆ ಒಂಬತ್ತು ಪ್ರಶ್ನೆಗಳ ಹಾಳೆ ಮುಂದಿಟ್ಟೆ. ಕಳೆದ ಎರಡು ವಾರದಲ್ಲಿ ಮನಸ್ಸು ಹೇಗಿತ್ತು ಎಂದು ಕೇಳುವ ಹಾಳೆ ಅದು. ಬಂದವರೇ ಓದಿ, ಅವರೇ ತಮ್ಮ ಕೈಯಾರೆ ಗುರುತು ಹಾಕಬೇಕು, ಇನ್ನೊಬ್ಬರು ಹಾಕುವಂತಿಲ್ಲ ಎಂದು ಮೇಲುಗಡೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ.

ಅವರು ಎರಡೂ ಕೈ ಎತ್ತಿ ತೋರಿಸಿದರು. ಮಣಿಕಟ್ಟಿನವರೆಗೂ ಗ್ರೀಸು.

"ನಿನ್ನ ಹಾಳೆ ಹಾಳಾಗುತ್ತೆ. ನೀನೇ ಓದು, ನೀನೇ ಹಾಕು."

"ಯಾವುದ್ರಲ್ಲೂ ಆಸಕ್ತಿ ಇಲ್ಲ ಅನ್ನಿಸಿದೆಯಾ?"

"ನಿನ್ನ ಅಡುಗೇಲಾ?"

"ರೀ, ಸರಿಯಾಗಿ ಹೇಳ್ರೀ. ಹೊರಗೆ ಜನ ಕಾಯ್ತಿದ್ದಾರೆ."

"ಹಾಕ್ಕೋ ಹಾಕ್ಕೋ. ನಿಂಗೆ ಗೊತ್ತಿಲ್ದೇ ಇರೋದು ಏನಿದೆ?"

ಆ ಮಾತು ನನಗೆ ಹೆಮ್ಮೆ ಎನಿಸಿತು. ಹದಿನೈದು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲದ್ದು ಏನಿರುತ್ತದೆ? ನಿದ್ದೆ ಸರಿಯಾಗಿ ಬರುತ್ತಾ ಎಂಬಲ್ಲಿಗೆ ಬಂದಾಗ, "ನಿಮ್ಮ ಗೊರಕೆಗೆ ನಾನೇ ಸಾಕ್ಷಿ" ಎಂದು ನಾನೇ ಉತ್ತರಿಸಿದೆ. ಸುಸ್ತು? ಇಲ್ಲವೇ ಇಲ್ಲ. ಊಟ? ಬಡಿಸಿದ್ದನ್ನು ಬಿಡುವುದಿಲ್ಲ. ಕೈಲಾಗದವನು ಎಂಬ ಭಾವನೆ? ಇವರಿಗೆ? ಎಂಟೂ ಪ್ರಶ್ನೆಗಳನ್ನು ಸಂತೆಯಲ್ಲಿ ಲೆಕ್ಕ ಒಪ್ಪಿಸುವವಳ ಹಾಗೆ ಓದಿ, ಎಂಟಕ್ಕೂ 'ಇಲ್ಲವೇ ಇಲ್ಲ' ಎಂಬ ಮೊದಲ ಕಾಲಮ್ಮಿನಲ್ಲಿ ಗುರುತು ಹಾಕಿದೆ.

ಒಂಬತ್ತನೆಯದನ್ನು ಓದಲೇ ಇಲ್ಲ. ಸತ್ತರೆ ಚೆನ್ನಾಗಿತ್ತು ಎಂಬ ಯೋಚನೆ ಬಂದಿದೆಯೇ ಎಂದು ಕಟ್ಟಿಕೊಂಡ ಗಂಡನ ಮುಖ ನೋಡಿ ಯಾವ ಹೆಂಡತಿ ಕೇಳುತ್ತಾಳೆ? ಬಾಯಲ್ಲಿ ಬರಬಾರದ ಮಾತು. ಸುಮ್ಮನೆ ಗುರುತು ಹಾಕಿ ಹಾಳೆ ಮಗುಚಿಟ್ಟೆ.

ಅದಾದ ಮೇಲೆ ಡಾಕ್ಟರಮ್ಮ ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿಸಬೇಕಿತ್ತು. ಅವರು ಎಲ್ಲಿಗೋ ಹೊರಟಿದ್ದರು. ಬಾಗಿಲಲ್ಲೇ ಹಾಳೆ ಇಸಿದುಕೊಂಡು, "ಓ, ನಮ್ಮ ಲಿಫ್ಟಣ್ಣ! ಇವರಿಗೇ ಖಿನ್ನತೆ ಬಂದ್ರೆ ನಮ್ಮನ್ನೆಲ್ಲ ಯಾರು ನಗಿಸ್ತಾರೆ?" ಎಂದು ಗೋಡೆಗೆ ಹಾಳೆ ಒತ್ತಿ ಸಹಿ ಹಾಕಿದರು. ನಾವು ಮೂವರೂ ನಕ್ಕೆವು.

ಕೊಳವೆಯೊಳಗೆ ಜಾರಿಸುವ ಮುಂಚೆ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. "ಕಣ್ಣು ಬಿಟ್ಕೊಂಡಿರಿ. ಮುಂದೆ ಪ್ಲಸ್ ಗುರುತು ಕಾಣುತ್ತೆ, ಅದನ್ನ ನೋಡ್ತಿರಿ. ಬೇಕು ಅಂತ ಏನನ್ನೂ ಯೋಚನೆ ಮಾಡಬೇಡಿ. ಮುಖ್ಯ ಅಂದ್ರೆ ಅಲ್ಲಾಡಬೇಡಿ. ಅಲ್ಲಾಡಿದ್ರೆ ಚಿತ್ರ ಬರಲ್ಲ, ಒಳಗೆ ಏನಿದೆ ಅಂತ ನಮಗೆ ಗೊತ್ತಾಗಲ್ಲ."

"ಅಲ್ಲಾಡ್ಲಿಲ್ಲ ಅಂದ್ರೆ ಗೊತ್ತಾಗುತ್ತಾ?"

"ಎಲ್ಲಾ ಗೊತ್ತಾಗುತ್ತೆ. ನೀವು ಯಾರ ಬಗ್ಗೆ ಕನಸು ಕಾಣ್ತೀರ ಅಂತಾನೂ" ಎಂದು ಕಾಲೆಳೆದೆ.

ಹನ್ನೆರಡು ನಿಮಿಷ ಕಳೆಯಿತು. ತಲೆಯ ಅಲುಗಾಟ ತೋರಿಸುವ ಗೆರೆ ನನ್ನ ಪರದೆಯ ಮೇಲೆ ಸ್ಕೇಲಿಟ್ಟು ಎಳೆದಂತೆ ನೇರ ಹೋಯಿತು. ಕೂದಲೆಳೆಯಷ್ಟೂ ಏರಲಿಲ್ಲ, ಇಳಿಯಲಿಲ್ಲ. ಅಂಥ ಗೆರೆಯನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದೆ. "ನೋಡ್ರೇ, ನಮ್ಮ ಮನೆಯವರು! ಒಳ್ಳೆ ತಲೆ ಅಂದ್ರೆ ಇದು!" ಹೊರಗೆ ಎಳೆದಾಗ ಅವರು ಏಳಲಿಲ್ಲ. ಮೇಲ್ಛಾವಣಿ ನೋಡುತ್ತಲೇ ಹೇಳಿದರು.

"ಇಷ್ಟು ಬೇಗ ಆಯ್ತಾ? ಇನ್ನೂ ಸ್ವಲ್ಪ ಹೊತ್ತು ಬಿಡಬಾರದಿತ್ತಾ?"

ಆ ಕೊಳವೆಯಿಂದ ಯಾವಾಗ ಬಿಡುತ್ತಾರೋ ಎಂದು ಜೀವ ಬಿಡುವವರನ್ನೇ ಕಂಡವಳು ನಾನು. ಇದೂ ಒಂದು ತಮಾಷೆ ಎಂದುಕೊಂಡು ಮುಂದಿನವರನ್ನು ಕರೆದೆ. ಅವರು ಚಿತ್ರಕಲೆ ಹೇಳಿಕೊಡುವ ಮೇಷ್ಟ್ರು, ಖಿನ್ನತೆಯ ಪಟ್ಟಿಯವರು, ನಮ್ಮವರದೇ ವಯಸ್ಸು. ನಮ್ಮವರ ನಂಬರು ನಲವತ್ತೊಂದು, ಅವರದು ನಲವತ್ತೆರಡು.

ಇದಾಗಿ ಎರಡು ತಿಂಗಳು ಕಳೆದಿತ್ತು. ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಲೆಕ್ಕದ ಮೇಷ್ಟ್ರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಪರದೆಯ ತುಂಬ ಚುಕ್ಕೆಗಳು. ಒಂದು ಚುಕ್ಕೆ ಒಂದು ತಲೆ. ಎಡಗಡೆ ಖಿನ್ನತೆಯವರ ಕೆಂಪು ಗುಂಪು, ಬಲಗಡೆ ಚೆನ್ನಾಗಿರುವವರ ನೀಲಿ ಗುಂಪು. ನಡುವೆ ಗಡಿಯಲ್ಲಿ ಕೆಲವು ಅತ್ತ, ಕೆಲವು ಇತ್ತ. ಆದರೆ ಒಂದೇ ಒಂದು ನೀಲಿ ಚುಕ್ಕೆ ಗಡಿ ಗಿಡಿ ಎಲ್ಲ ದಾಟಿ, ಕೆಂಪು ಗುಂಪಿನ ನಟ್ಟನಡುವೆ ಕೂತಿತ್ತು.

"ನಿಮ್ಮಿಂದ ಎಡವಟ್ಟಾಗಿದೆ" ಎಂದರು ಮೇಷ್ಟ್ರು, ಪೆನ್ಸಿಲಿನಲ್ಲಿ ಆ ಚುಕ್ಕೆಯನ್ನು ಕುಟ್ಟುತ್ತಾ. "ಇದು ನಲವತ್ತೊಂದು. ಅವತ್ತೇ ನಲವತ್ತೆರಡೂ ಆಗಿದೆ. ಹೆಸರಿನ ಚೀಟಿ ಅದಲುಬದಲು ಮಾಡಿದೀರ. ಇಷ್ಟು ಒಳಗೆ ಹೋಗಿ ಕೂರೋಕೆ ಸಾಧ್ಯಾನೇ ಇಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹದಿನಾರು ವರ್ಷದಲ್ಲಿ ಒಂದು ಚೀಟಿಯನ್ನೂ ತಪ್ಪು ಹಾಕಿದವಳಲ್ಲ ನಾನು.

"ನಿಮ್ಮ ಕಂಪ್ಯೂಟರಿಗೆ ಮೊದ್ಲು ಬುದ್ಧಿ ಕಲಿಸಿ ಸಾರ್. ಅದು ನನ್ನ ಗಂಡ. ನನ್ನ ಗಂಡನ ತಲೆ ನಂಗೆ ಗೊತ್ತಾಗಲ್ವಾ?"

"ಅದೇ ನಾನು ಹೇಳೋದು. ನಿಮ್ಮ ಯಜಮಾನ್ರು ಇಲ್ಲಿ ಇರೋಕಾಗುತ್ತಾ? ಅದಲುಬದಲಾಗಿದೆ ಅಂತ ಒಪ್ಕೊಂಡುಬಿಡಿ, ಸರಿ ಮಾಡ್ತೀನಿ."

ಒಪ್ಪುವುದು? ನಾನೇ ಕುರ್ಚಿ ಎಳೆದುಕೊಂಡು ನಲವತ್ತೊಂದರ ಮೂಲ ಚಿತ್ರ ತೆರೆದೆ. ನಮ್ಮವರ ಬಲಗಡೆಯ ದವಡೆಯಲ್ಲಿ ಒಂದು ಹಲ್ಲಿಗೆ ಲೋಹದ ಟೋಪಿ ಇದೆ. ಸ್ಪ್ಯಾನರಿನಲ್ಲಿ ಶೀಸೆಯ ಮುಚ್ಚಳ ತೆಗೆಯಲು ಹೋಗಿ ಹಲ್ಲು ಮುರಿದುಕೊಂಡ ಮಹಾನುಭಾವರು. ಲೋಹ ಇರುವ ಕಡೆ ನಮ್ಮ ಚಿತ್ರದಲ್ಲಿ ಕಪ್ಪು ನೆರಳು ಬೀಳುತ್ತದೆ. ಒಂದೊಂದೇ ಪದರ ಇಳಿಸುತ್ತಾ ದವಡೆಯವರೆಗೆ ಬಂದೆ. ಬಲಗಡೆ, ಹಿಂದಿನಿಂದ ಎರಡನೆಯದು. ಕಡಲೆಕಾಳಿನಷ್ಟು ಕಪ್ಪು.

"ನೋಡಿ! ಇದೇ ಹಲ್ಲು! ಚೀಟಿ ಸರಿಯಾಗೇ ಇದೆ. ನಂದೇನೂ ತಪ್ಪಿಲ್ಲ. ಇದು ನನ್ನ ಗಂಡಂದೇ ತಲೆ!"

ಗೆದ್ದೆನೆಂದು ಎದ್ದು ನಿಂತವಳು ಹಾಗೇ ಕೂತುಬಿಟ್ಟೆ. ನಾನೇ ಏನು ಹೇಳಿದೆ ಎಂಬುದು ನನ್ನ ಕಿವಿಗೆ ಆಗ ಬಿತ್ತು.

ಮೇಷ್ಟ್ರು ಕಿವಿಯ ಮೇಲಕ್ಕೆ ಪೆನ್ಸಿಲ್ ಏರಿಸಿದರು. "ಹಾಗಾದ್ರೆ ಕಂಪ್ಯೂಟರಿಂದೇ ತಪ್ಪು. ಆಗುತ್ತೆ ಬಿಡಿ. ಒಂದು ತಲೆಗೋಸ್ಕರ ಯಾಕೆ ತಲೆನೋವು, ಪಟ್ಟಿಯಿಂದ ತೆಗೆದು ಹಾಕ್ತೀನಿ."

"ತೆಗೀಬೇಡಿ" ಎಂದೆ.

ಡಾಕ್ಟರಮ್ಮನ ಕೋಣೆ ಅದೇ ಸಾಲಿನ ಕೊನೆಯಲ್ಲಿದೆ. ಅಷ್ಟು ದೂರ ನಡೆಯುವುದರಲ್ಲಿ ಒಂದೊಂದೇ ನೆನಪಾಗುತ್ತಾ ಬಂತು. ಗೊರಕೆ. ನಾನು ಸಾಕ್ಷಿ ಹೇಳಿದ ಆ ಗೊರಕೆ ನಿಂತು ಎಷ್ಟು ಕಾಲವಾಗಿತ್ತು? ಸದ್ಯ ನಿಂತಿತಲ್ಲ, ನಾನು ನಿದ್ದೆ ಮಾಡಬಹುದು ಎಂದು ಸಮಾಧಾನಪಟ್ಟವಳು ನಾನೇ. ಗೊರಕೆ ನಿಂತದ್ದು ನಿದ್ದೆ ನಿಂತದ್ದಕ್ಕೆ ಎಂದು ಈ ಮೊದ್ದಿಗೆ ಹೊಳೆದಿರಲಿಲ್ಲ. ಹೋದ ತಿಂಗಳು ಮನೆಯ ಸ್ವಿಚ್ ಬೋರ್ಡಿಗೆಲ್ಲ ಅವರು ಚೀಟಿ ಅಂಟಿಸಿದ್ದರು. ಇದು ಅಡುಗೆಮನೆ, ಇದು ಪಂಪು, ಇದನ್ನು ಮುಟ್ಟಬೇಡಿ. ಈಗಲಾದರೂ ಅಚ್ಚುಕಟ್ಟು ಕಲಿತರಲ್ಲ ಎಂದು ನಾನು ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗಿದ್ದೆ. ಇವತ್ತು ಬೆಳಿಗ್ಗೆ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಫ್ಯೂಸ್ ಹಾಕುವುದನ್ನು ಮೂರು ಸಲ ಮಾಡಿಸಿದರು. "ಶಾಲೆಗೆ ಹೊತ್ತಾಯ್ತು, ಇದೇನ್ರೀ ಈಗ?" ಎಂದು ನಾನು ರೇಗಿದೆ. ಹೊರಡುವಾಗ ಮನೆಯ ಕೀಲಿಕೈ ಮೊಳೆಗೆ ನೇತುಹಾಕಿ, "ನಿನ್ನ ಹತ್ರ ಒಂದಿದೆಯಲ್ಲ" ಎಂದರು. ಇನ್ನೊಂದು ಮಾತು ಹೇಳಿದರು. "ಇವತ್ತು ನಿಮ್ಮ ಆಸ್ಪತ್ರೆ ದೊಡ್ಡ ಲಿಫ್ಟು. ಅದೊಂದು ಮುಗಿದ್ರೆ ಹದಿನೆಂಟೂ ಸರ್ವೀಸ್ ಆದಹಾಗೆ. ಯಾರಿಗೂ ಬಾಕಿ ಇಲ್ಲ."

ಹದಿನೆಂಟು ಕಟ್ಟಡಗಳ ಸರ್ವೀಸು ಮುಗಿಯಲು ಮೂರು ತಿಂಗಳು ಬೇಕು. ಅವರು ಒಂದೂವರೆ ತಿಂಗಳಲ್ಲಿ ಮುಗಿಸಿದ್ದರು.

ಬಾಗಿಲು ತಟ್ಟದೆ ಒಳಗೆ ನುಗ್ಗಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಡಾಕ್ಟರಮ್ಮ ಮೊದಲು ಸಮಾಧಾನ ಮಾಡಿದರು.

"ಇಲ್ಲಿ ಕೇಳು. ಆ ಕಂಪ್ಯೂಟರು ನಾಲ್ಕು ತಲೇಲಿ ಒಂದನ್ನ ತಪ್ಪು ಹೇಳುತ್ತೆ. ಗುಂಪಿನ ಬಗ್ಗೆ ಏನೋ ಹೇಳಬಹುದು, ಒಬ್ಬರ ಬಗ್ಗೆ ಅದರ ಮಾತು ನಂಬೋ ಹಾಗಿಲ್ಲ. ಅದಕ್ಕೇ ತಾನೆ ಯಾರಿಗೂ ಫಲಿತಾಂಶ ಹೇಳಲ್ಲ ಅಂತ ಒಪ್ಪಿಗೆ ಪತ್ರದಲ್ಲೇ ಬರೆದಿರೋದು. ಚುಕ್ಕೆ ನೋಡಿ ಹೆದರ್ತಾರಾ? ಅವರ ಹಾಳೆ ನೋಡಿದೀನಿ, ಒಂಬತ್ತಕ್ಕೂ ಇಲ್ಲ ಅಂತಿದೆ."

"ಅದು ನಾನು ಹಾಕಿದ್ದು."

"ಏನು?"

"ಒಂಬತ್ತೂ ನಾನೇ ಹಾಕಿದ್ದು. ಅವರ ಕೈ ಗ್ರೀಸಾಗಿತ್ತು. ಕೊನೇದನ್ನ ನಾನು ಕೇಳಲೇ ಇಲ್ಲ."

ಅವರ ಮುಖದ ಬಣ್ಣ ಹೋಯಿತು. ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾನೂ ಮಾತಾಡಿಸಲಿಲ್ಲ" ಎಂದರು ಅವರು. "ಗೋಡೆಗೆ ಒತ್ತಿ ಸಹಿ ಹಾಕಿದೆ." ಆಮೇಲೆ ಅವರು ಡ್ರಾಯರಿನಿಂದ ಖಾಲಿ ಹಾಳೆಯೊಂದನ್ನು ತೆಗೆದು ನನ್ನ ಕೈಗೆ ತುರುಕಿದರು.

"ಫೋನ್ ಮಾಡು."

ಮಾಡಿದೆ. ರಿಂಗಾಗಲಿಲ್ಲ. ಲಿಫ್ಟಿನ ಬಾವಿಯಲ್ಲಿ ಸಿಗ್ನಲ್ ಇರುವುದಿಲ್ಲ.

"ಹಾಗಾದ್ರೆ ಓಡು. ಸಿಕ್ಕಿದ ಕೂಡ್ಲೇ ಕೇಳು. ಸುತ್ತಿ ಬಳಸಿ ಬೇಡ, ಹಾಳೇಲಿರೋ ಮಾತಲ್ಲೇ ಕೇಳು. ಕೇಳಿದ್ರೆ ಇಲ್ಲದ ಯೋಚನೆ ಬರುತ್ತೆ ಅಂತ ಹೆದರಬೇಡ, ಹಾಗೆಲ್ಲ ಬರಲ್ಲ. ನಾನು ಎಮರ್ಜೆನ್ಸಿಗೆ ಹೇಳಿ ಹಿಂದೇನೇ ಬರ್ತೀನಿ."

ದೊಡ್ಡ ಲಿಫ್ಟಿನ ಬಾಗಿಲಿಗೆ 'ದುರಸ್ತಿಯಲ್ಲಿದೆ' ಎಂಬ ಹಳದಿ ಬೋರ್ಡು ಒರಗಿಸಿತ್ತು. ಇನ್ನೊಂದು ಲಿಫ್ಟಿನ ಮುಂದೆ ಸ್ಟ್ರೆಚರುಗಳ ಸಾಲು. ಮೆಟ್ಟಿಲು ಹಿಡಿದೆ. ಹನ್ನೊಂದು ಮಹಡಿ, ಅದರ ಮೇಲೆ ಲಿಫ್ಟಿನ ಯಂತ್ರದ ಕೋಣೆ. ಮೂರನೇ ಮಹಡಿಗೆ ಚಪ್ಪಲಿ ಕೈಗೆ ಬಂತು, ಐದನೆಯದಕ್ಕೆ ಉಸಿರು ಬಾಯಿಗೆ ಬಂತು. ಎದುರಿಗೆ ಇಳಿದು ಬರುವವರನ್ನೆಲ್ಲ ತಳ್ಳಿದೆ, ಬೈಸಿಕೊಂಡೆ. ಅಷ್ಟರಲ್ಲೂ ನನ್ನ ಕೆಟ್ಟ ಬುದ್ಧಿ ಜಗಳಕ್ಕೆ ಇಳಿದಿತ್ತು. ಚೆನ್ನಾಗಿರಲಿ, ಮೇಲೆ ಹಲ್ಲು ಕಿರಿಯುತ್ತಾ ಕೂತಿರಲಿ, ಇವತ್ತು ಸರಿಯಾಗಿ ಬೈಯುತ್ತೇನೆ ಎಂದುಕೊಂಡೆ. ಎಂಟನೇ ಮಹಡಿಗೆ ಆ ಸಿಟ್ಟೂ ಉಳಿಯಲಿಲ್ಲ. ಅವರು ಇದ್ದರೆ ಸಾಕು, ಇನ್ನೇನೂ ಬೇಡ ಎಂದು ಯಾರು ಯಾರನ್ನೋ ಬೇಡಿಕೊಂಡೆ.

ಯಂತ್ರದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಎಣ್ಣೆಯ ವಾಸನೆ, ನಿಂತ ಮೋಟಾರು. ಸಾಮಾನಿನ ಚೀಲದಲ್ಲಿ ಸ್ಪ್ಯಾನರುಗಳು ಅಳತೆಯ ಪ್ರಕಾರ ಜೋಡಿಸಿಟ್ಟಿದ್ದವು. ಸರ್ವೀಸ್ ಪುಸ್ತಕದಲ್ಲಿ ಸಹಿ ಆಗಿತ್ತು. ಸೊಂಟಕ್ಕೆ ಕಟ್ಟಿಕೊಳ್ಳುವ ಬೆಲ್ಟು ಕೊಕ್ಕೆಯ ಸಮೇತ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಲಿಫ್ಟಿನ ಬಾವಿಗೆ ಇಳಿಯುವ ನೆಲದ ಮುಚ್ಚಳ ತೆಗೆದಿತ್ತು. ಅದರ ಅಂಚಿನಲ್ಲಿ ಅವರು ಕೂತಿದ್ದರು, ಕಾಲು ಒಳಕ್ಕೆ ಇಳಿಬಿಟ್ಟು.

ನನ್ನ ಸದ್ದಿಗೆ ತಿರುಗಿದರು. ಮುಖದ ಮೇಲೆ ಏನೂ ಇರಲಿಲ್ಲ. ಆಮೇಲೆ ನಗು ಬಂತು. ಹದಿನೈದು ವರ್ಷದಲ್ಲಿ ಮೊದಲ ಸಲ ನಾನು ಅದು ಬರುವುದನ್ನು ನೋಡಿದೆ. ಭಾರದ ಶಟರು ಎಳೆದಂತೆ ಕಷ್ಟಪಟ್ಟು ತಂದರು.

"ಏನೇ ಫೋಟೋದವಳೇ, ಇಷ್ಟು ಎತ್ತರಕ್ಕೆ? ಯಾರ ತಲೆ ತಪ್ಪಿಸ್ಕೊಂಡು ಬಂತು?"

ಕೂಗಿಕೊಳ್ಳಬಾರದು, ಹತ್ತಿರ ಓಡಬಾರದು ಎಂದು ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಬಾಗಿಲ ಬಳಿಯೇ ನೆಲದ ಮೇಲೆ ಕೂತು, ಕೂತಲ್ಲೇ ಸರಿಯುತ್ತಾ ಅವರ ಪಕ್ಕಕ್ಕೆ ಹೋದೆ. ಅವರ ಅಂಗಿಯ ತುದಿ ಹಿಡಿದುಕೊಂಡೆ. ಇನ್ನೊಂದು ಕೈಯಲ್ಲಿ ಹಾಳೆ ಬಿಡಿಸಿದೆ.

"ರೀ, ಒಂದು ಪ್ರಶ್ನೆ ಕೇಳ್ತೀನಿ. ತಮಾಷೆ ಮಾಡಬೇಡಿ. ಕೈ ಮುಗೀತೀನಿ, ತಮಾಷೆ ಮಾತ್ರ ಮಾಡಬೇಡಿ."

ಓದಿದೆ. "ಕಳೆದ ಎರಡು ವಾರಗಳಲ್ಲಿ, ನೀವು ಸತ್ತರೆ ಚೆನ್ನಾಗಿತ್ತು, ಅಥವಾ ನಿಮಗೆ ನೀವೇ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆ ಬಂದಿದೆಯೇ?"

ಅವರ ಮುಖದಿಂದ ನಗು ಹೋಯಿತು. ಹಾಳೆಯನ್ನೇ ನೋಡುತ್ತಾ ಹೇಳಿದರು.

"ಅವತ್ತು ಇದನ್ನ ಓದಲೇ ಇಲ್ಲ ನೀನು."

ನಾನು ಅವರ ಅಂಗಿಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

"ಎಂಟು ಮುಗೀತು. ಒಂಬತ್ತನೇದು ಇರೋದು ಕಾಣ್ತಿತ್ತು ನಂಗೆ. ತಲೆಕೆಳಗಾಗಿ ಓದ್ಕೊಂಡೆ. ಕೇಳ್ತಾಳೆ, ಕೇಳಿದ್ರೆ ಹೇಳಿಬಿಡೋಣ ಅಂತ ಕಾಯ್ತಿದ್ದೆ. ನಾನಾಗಿ ಹೇಳೋಕೆ ಬಾಯಿ ಬರ್ತಿರಲಿಲ್ಲ ಕಣೆ. ನೀನು ಟಿಕ್ ಹಾಕಿ ಮಗುಚಿಟ್ಟುಬಿಟ್ಟೆ."

"ರೀ…"

"ಸರಿ, ಚಿತ್ರದಲ್ಲಾದ್ರೂ ಗೊತ್ತಾಗುತ್ತೆ ಅಂದ್ಕೊಂಡೆ. ಅಲ್ಲಾಡಿದ್ರೆ ಒಳಗಿರೋದು ಕಾಣಲ್ಲ ಅಂದೆಯಲ್ಲ ನೀನು? ಅದಕ್ಕೇ ಉಸಿರು ಹಿಡ್ಕೊಂಡು ಮಲಗಿದ್ದೆ. ನೋಡ್ಲಿ, ಸರಿಯಾಗಿ ನೋಡ್ಲಿ ಅಂತ."

ಆ ಗೆರೆ. ಪಕ್ಕದ ಕೋಣೆಯವರನ್ನೆಲ್ಲ ಕರೆದು ತೋರಿಸಿದ, ಸ್ಕೇಲಿಟ್ಟು ಎಳೆದಂಥ ಆ ಗೆರೆ. ನನ್ನ ಗಂಡ ಹನ್ನೆರಡು ನಿಮಿಷ ನನ್ನನ್ನು ಕೂಗಿ ಕರೆದ ಗೆರೆ ಅದು. ನಾನು ಗಾಜಿನ ಈಚೆ ಕೂತು ಒಳ್ಳೆ ತಲೆ ಎಂದು ಚಪ್ಪಾಳೆ ತಟ್ಟಿದ್ದೆ.

"ಎರಡು ತಿಂಗಳು ಕಾದೆ" ಎಂದರು ಅವರು, ಯಾರದೋ ಲಿಫ್ಟಿನ ವಿಷಯ ಹೇಳುವ ದನಿಯಲ್ಲಿ. "ನೀನು ಮನೆಗೆ ಬಂದಾಗೆಲ್ಲ ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ಮುಖ ನೋಡ್ತಿದ್ದೆ. ಯಾರೂ ಏನೂ ಹೇಳ್ಲಿಲ್ಲ. ಅಂದ್ರೆ ಅಲ್ಲೇನೂ ಕಾಣ್ಲಿಲ್ಲ ಅಂತ ತಾನೆ? ಕಾಯಿಲೆ ಆಗಿದ್ರೆ ಕಾಣಬೇಕಿತ್ತು. ಹಾಗಾದ್ರೆ ಇದು ಕಾಯಿಲೆ ಅಲ್ಲ, ನಾನೇ ಹೀಗೆ, ಇದಕ್ಕೆ ರಿಪೇರಿ ಇಲ್ಲ ಅಂದ್ಕೊಂಡೆ."

"ಯಾಕ್ರೀ? ಏನಾಯ್ತು ನಿಮಗೆ? ನನ್ನಿಂದ ಏನಾದ್ರೂ…"

"ಕಾರಣ ಇಲ್ಲ ಕಣೆ. ಕಾರಣ ಇದ್ದಿದ್ರೆ ನಾನೇ ಸರಿ ಮಾಡ್ಕೋತಿರಲಿಲ್ವಾ?"

ನಾನು ಅತ್ತೆ. ಮಾನ ಮರ್ಯಾದೆ ಬಿಟ್ಟು, ಮೂಗು ಸುರಿಸಿಕೊಂಡು ಅತ್ತೆ. ಅಳುತ್ತಲೇ, ಕಂಡಿದೆ ಕಣ್ರೀ, ಚಿತ್ರದಲ್ಲಿ ಕಂಡಿದೆ, ನಾವೇ ನಂಬಲಿಲ್ಲ, ನಿಮ್ಮ ತಲೆಯನ್ನು ತಪ್ಪು ಎಂದು ತೆಗೆದುಹಾಕಲು ಹೊರಟಿದ್ದೆವು ಎಂದು ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಕೊನೆಗೆ ನನ್ನ ತೊಡೆಯ ಮೇಲಿದ್ದ ಹಾಳೆಯತ್ತ ಕೈ ಚಾಚಿದರು. ನಾನು ಪೆನ್ನು ಕೊಡಲು ಹೋದೆ. ಅವರು ಪೆನ್ನು ಮುಟ್ಟಲಿಲ್ಲ. ಗ್ರೀಸು ಮೆತ್ತಿದ ಹೆಬ್ಬೆರಳನ್ನು ಒಂಬತ್ತನೆಯ ಸಾಲಿನ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ತಂದು, 'ಹೆಚ್ಚುಕಡಿಮೆ ಪ್ರತಿದಿನ' ಎಂಬ ಕೊನೆಯ ಚೌಕದಲ್ಲಿ ಒತ್ತಿದರು. ಎತ್ತಿದಾಗ ಬೆರಳಿನ ಗೆರೆ ಗೆರೆಯೂ ಮೂಡಿತ್ತು.

"ಕಾಲು ಮೇಲೆ ತಗೊಳ್ರೀ" ಎಂದೆ. ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಹೇಳಿದೆ. ಮೂರನೇ ಸಲ ಒಂದು ಕಾಲು ಬಂತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನಾನು ಮುಚ್ಚಳ ಎಳೆದು ಹಾಕಿ ಅದರ ಮೇಲೆ ಕೂತೆ. ಮೊಳೆಯಲ್ಲಿದ್ದ ಬೆಲ್ಟು ತಂದು ಅವರ ಸೊಂಟಕ್ಕೆ ಬಿಗಿದೆ. ಅದರ ಕೊಕ್ಕೆಯನ್ನು ಎಲ್ಲಿಗೆ ಸಿಕ್ಕಿಸುವುದೋ ತಿಳಿಯದೆ ನನ್ನ ಮುಷ್ಟಿಯಲ್ಲೇ ಹಿಡಿದುಕೊಂಡೆ.

"ನಡೀರಿ, ಕೆಳಗೆ ಹೋಗೋಣ."

"ಲಿಫ್ಟ್ ಚಾಲೂ ಮಾಡಬೇಕು. ಜನ ಕಾಯ್ತಿರ್ತಾರೆ."

"ಕಾಯ್ಲಿ."

ಆರನೇ ಮಹಡಿಯ ತಿರುವಿನಲ್ಲಿ ಡಾಕ್ಟರಮ್ಮ ಸಿಕ್ಕರು. ಅರವತ್ತು ಸಮೀಪಿಸಿದ ಮಂಡಿನೋವಿನ ಹೆಂಗಸು, ಮೆಟ್ಟಿಲ ಮೇಲೆ ಕುಸಿದು ಕೂತು ಏದುಸಿರು ಬಿಡುತ್ತಿದ್ದರು. ನಮ್ಮಿಬ್ಬರನ್ನು ಕಂಡು ಕಣ್ಣು ಮುಚ್ಚಿ ತೆರೆದರು. ನಾನು ಹಾಳೆ ಕೊಟ್ಟೆ. ಎಂಟು ಖಾಲಿ ಸಾಲು, ಕೊನೆಯದರಲ್ಲಿ ಕಪ್ಪು ಹೆಬ್ಬೆಟ್ಟು. ಅವರು ಅದನ್ನು ಮಂಡಿಯ ಮೇಲೆ ಹರಡಿಕೊಂಡರು.

"ಲಿಫ್ಟಣ್ಣ, ಅವತ್ತು ನಾನೂ ನಿಮ್ಮನ್ನ ಏನೂ ಕೇಳಲಿಲ್ಲ" ಎಂದರು. "ಈಗ ಕೇಳ್ತೀನಿ. ಮೊದಲನೇದರಿಂದ ಕೇಳ್ತೀನಿ. ಇಲ್ಲೇ ಕೂತ್ಕೊಳ್ಳಿ."

ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು, ಲಿಫ್ಟು ಯಾವಾಗ ಸರಿಹೋಗುತ್ತೆ ಎಂದು ನಮ್ಮವರನ್ನೇ ಕೇಳಿಕೊಂಡು ಹೋಗುತ್ತಿದ್ದರು. ಅವರು ಯಾರಿಗೂ ತಮಾಷೆಯ ಉತ್ತರ ಕೊಡಲಿಲ್ಲ. ಗೋಡೆಗೆ ಒರಗಿ ಮೆಟ್ಟಿಲ ಮೇಲೆ ಕೂತರು. ನಾನು ಒಂದು ಮೆಟ್ಟಿಲು ಕೆಳಗೆ ಕೂತೆ. ಡಾಕ್ಟರಮ್ಮ ಒಂದನೆಯ ಪ್ರಶ್ನೆ ಓದಿದರು. ಉತ್ತರ ನನಗೆ ಗೊತ್ತಿರಲಿಲ್ಲ. ಕೊಕ್ಕೆ ಹಿಡಿದುಕೊಂಡು ನಮ್ಮವರ ಬಾಯನ್ನೇ ನೋಡುತ್ತಾ ಕಾದೆ.